ಮಾಸಿಮಾ ಕೊಟ್ಟ ವೊವಿಯೊ

ಕಳೆದ ಜನವರಿಯಲ್ಲಿ ಮಸ್ಕತ್ತಿಗೆ ಹೋಗಿದ್ದೆ. ಮಗ ಅಲ್ ಅಜೈಬಾದಲ್ಲಿ ಮನೆ ಮಾಡಿದ್ದಾನೆ. ಮೊಣಗಂಟು ನೆಟ್ಟಗಿರುವಾಗಲೇ ಒಮ್ಮೆ ಬಂದು ಹೋಗಿ ಎಂದು ಸೊಸೆ ಕರೆಯುತ್ತಲೇ ಇದ್ದಳು. ನಾನು ಹೋದ ವಾರವೇ ಅವರ ಗುರುತಿನ ಮಂಗಳೂರಿನವರಲ್ಲಿ ರೋಸ್ ಇತ್ತು. ನಮ್ಮ ಕೊಂಕಣಿ ಕ್ರಿಸ್ತುವರಲ್ಲಿ ಮದುವೆಯ ಮುನ್ನಾದಿನ ಮದುಮಕ್ಕಳ ತಲೆಗೆ ತೆಂಗಿನ ಹಾಲು ಹೊಯ್ದು ಮೀಯಿಸುವ ಶಾಸ್ತ್ರ ಅದು. ಹಾಲ್‌ನೊಳಗೆ ಕಾಲಿಟ್ಟದ್ದೇ ತಡ, ತೆಂಗಿನ ಹಾಲಿನ ವಾಸನೆ ಮೂಗಿಗೆ ಬಂತು. ಈಗ ಎಲ್ಲ ಡಬ್ಬಿಯ ಹಾಲು, ಯಾರೂ ತುರಿಯುವುದಿಲ್ಲ, ಹಿಂಡುವುದಿಲ್ಲ. ಆದರೆ ವಾಸನೆ ಅದೇ.

ಆಮೇಲೆ ಹುಡುಗಿಯರು ಮದುಮಗಳ ಸುತ್ತ ನಿಂತು ವೊವಿಯೊ ಎತ್ತಿದರು. ವೊವಿಯೊ ಎಂದರೆ ರೋಸ್‌ನ ಹಾಡು. ಒಬ್ಬಳು ಹೇಳಿದ್ದನ್ನು ಉಳಿದವರು ಎಳೆದು ಹಾಡುವುದು ನಮ್ಮ ಕ್ರಮ. ಈ ಹುಡುಗಿಯರು ಹಾಗೆ ಹಾಡಲಿಲ್ಲ. ಸೊಂಟ ಬಗ್ಗಿಸಿ, ಚಪ್ಪಾಳೆ ತಟ್ಟುತ್ತಾ, ಮೊದಲು ಮೆಲ್ಲಗೆ ಆಮೇಲೆ ಬಿರುಸಾಗಿ ಸುತ್ತು ಬಂದರು. ಇದಕ್ಕೆ ಈಗ ಮಸ್ಕತ್ ವೊವಿಯೊ ಎಂದು ಹೆಸರಂತೆ. ಮಂಗಳೂರಿನಲ್ಲೂ ಹಾಡುತ್ತಾರೆ, ದುಬೈಯಲ್ಲೂ ಹಾಡುತ್ತಾರೆ. ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು, "ಆಂಟಿ, ಇದು ನಮ್ಮ ಪೂರ್ವಜರು ಗೋವಾದಿಂದ ಬರುವಾಗ ತಂದದ್ದಂತೆ, ಹೌದಾ?" ಎಂದು ಕೇಳಿದಳು. ನಾನು ಕ್ಯಾಮೆರಾ ನೋಡಿಕೊಂಡು, "ಇರಬೇಕು ಮಗಾ" ಎಂದೆ.

ಇರಬೇಕಂತೆ. ಇಷ್ಟು ವಯಸ್ಸಾದ ಮೇಲೂ ನನ್ನ ನಾಲಿಗೆಗೆ ಬುದ್ಧಿ ಬಂದಿಲ್ಲ. ಅದನ್ನು ತಂದವರು ಗೋವಾದ ಪೂರ್ವಜರಲ್ಲ. ಇದೇ ಮಸ್ಕತ್ತಿನಲ್ಲಿ, ವಾದಿ ಕಬೀರಿನ ಒಂದು ಹಳೆಯ ಬಿಲ್ಡಿಂಗಿನಲ್ಲಿ ಹಿಂದೆ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಬಂಗಾಳಿ ಮುದುಕಿಯಿಂದ ನಾನು ತಂದದ್ದು. ಆವತ್ತು ಸನ್ನ, ಬಫಾತು ಎಲ್ಲ ಬಡಿಸಿದ್ದರು. ಒಂದು ತುತ್ತೂ ಇಳಿಯಲಿಲ್ಲ. ಸೊಸೆ ಬಿ.ಪಿ. ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಮಾತ್ರೆಯಿಂದ ಹೋಗುವ ಸಂಕಟ ಅಲ್ಲ ಅದು. ಊರಿಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ. ಮಾತಾಡುವುದು ಕೊಂಕಣಿಯಾದರೂ ಶಿರ್ವದ ಶಾಲೆಯಲ್ಲಿ ಕಲಿತ ಕನ್ನಡವೇ ಕೈಗೆ ಬರುವುದು.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದ ಮಾತು. ಮಸ್ಕತ್ತಿನ ಚಳಿಗಾಲ ಎಂದರೆ ಏರ್ ಕಂಡೀಷನರ್ ನಿಲ್ಲಿಸಿ ಕಿಟಕಿ ತೆಗೆಯುವ ಕಾಲ, ಅಷ್ಟೆ. ಆದರೆ ಎಂಟು ತಿಂಗಳು ಬೆಂದವರಿಗೆ ಅದೇ ಸ್ವರ್ಗ. ಬಂಡೆಗುಡ್ಡಗಳು ಕಪ್ಪುಬಣ್ಣ ಬಿಟ್ಟು ಸ್ವಲ್ಪ ಕಂದಾಗಿ ಕಾಣುತ್ತಿದ್ದವು. ಕೆಳಗಿನ ಗ್ಯಾರೇಜುಗಳ ಸುತ್ತಿಗೆ ಸದ್ದು, ಪೈಂಟಿನ ವಾಸನೆ ಎಲ್ಲ ತೆರೆದ ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ನನ್ನ ಗಂಡ ಫೆಲಿಕ್ಸ್ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದರು. ನಾನು ರೂವಿಯ ಒಂದು ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ನನ್ನ ತಂಗಿ ಜೆಸಿಂತಾ ಅಲ್ಲೇ ನರ್ಸ್.

ಜೆಸಿಂತಾಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ವಿನ್ಸೆಂಟ್, ಮಂಗಳೂರಿನವ, ಅಲ್ಲೇ ಕೆಲಸದಲ್ಲಿದ್ದ. ಊರಲ್ಲಿ ಮದುವೆ ಎಂದು ಎಲ್ಲ ನಿಶ್ಚಯವಾಗಿದ್ದರೆ ಅವನ ಕಫೀಲ್, ಎಂದರೆ ವೀಸಾ ಕೊಟ್ಟ ಅರಬ್ ಯಜಮಾನ, ಈ ವರ್ಷ ರಜೆ ಇಲ್ಲ, ಖಲಾಸ್ ಎಂದುಬಿಟ್ಟ. ಸರಿ, ರೂವಿಯ ಇಗರ್ಜಿಯಲ್ಲೇ ಮದುವೆ, ನಮ್ಮ ಬಿಲ್ಡಿಂಗಿನ ತಾರಸಿಯಲ್ಲೇ ರೋಸ್ ಎಂದಾಯಿತು. ಅಮ್ಮನಿಗೆ ಬರಲು ಆಗಲಿಲ್ಲ. ಪಕ್ಕದ ಮನೆಯ ಫೋನಿಗೆ ಬಂದು ಅತ್ತರು. ಚಿನ್ನದ ವಿಷಯ ಕೇಳಲಿಲ್ಲ, ಊಟದ ವಿಷಯ ಕೇಳಲಿಲ್ಲ. ವೊವಿಯೊ ಯಾರು ಎತ್ತುತ್ತಾರೆ ಎಂದು ಮಾತ್ರ ಕೇಳಿದರು. ವೊವಿಯೊ ಇಲ್ಲದ ರೋಸ್ ರೋಸಲ್ಲ, ಬರೀ ತಲೆ ಮೀಯುವುದು, ಅದಕ್ಕೆ ಸಾಬೂನು ಸಾಕು ಎಂದರು. ನಾನಿದ್ದೇನಲ್ಲ ಅಮ್ಮ ಎಂದು ಧೈರ್ಯ ಕೊಟ್ಟೆ.

ಎಲ್ಲಿಯ ಧೈರ್ಯ. ನನಗೆ ವೊವಿಯೊದ ಎರಡು ಸಾಲು ನೆಟ್ಟಗೆ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಬೆಳೆದವಳು ನಾನು. ನನ್ನ ಓರಗೆಯವರೂ ಅಷ್ಟೇ. ಒಬ್ಬಳಿಗೆ ಶಾರ್ಟ್‌ಹ್ಯಾಂಡ್ ಬರುತ್ತದೆ, ಒಬ್ಬಳಿಗೆ ಇಂಜೆಕ್ಷನ್ ಚುಚ್ಚಲು ಬರುತ್ತದೆ, ವೊವಿಯೊ ಮಾತ್ರ ಯಾರಿಗೂ ಬರುವುದಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ತುರಿಮಣೆ ಹಾಕಿಕೊಂಡು ಒಮಾನಿನದೇ ದಕ್ಷಿಣದ ಸಲಾಲಾದಿಂದ ಬಂದ ತೆಂಗಿನಕಾಯಿ ತುರಿಯುತ್ತಾ ಆ ಎರಡು ಸಾಲನ್ನೇ ಎಳೆದಾಡುತ್ತಿದ್ದೆ. ಗೋಡೆಯ ಆಚೆಯಿಂದ ಚಪ್ಪಾಳೆ ಕೇಳಿತು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಸಿಟ್ಟು ಬಂತು. ಇಣುಕಿ ನೋಡಿದರೆ ಪಕ್ಕದ ಮನೆಯ ಅಜ್ಜಿ. ಯಾರ ಮದುವೆ ಎಂದು ಹರಕು ಹಿಂದಿಯಲ್ಲಿ ಕೇಳಿದರು. ಹಾಡಿನ ಒಂದು ಶಬ್ದ ತಿಳಿಯದೆ ಇದು ಮದುವೆಯ ಹಾಡು ಎಂದು ಅವರಿಗೆ ತಿಳಿದಿತ್ತು.

ಅವರನ್ನು ನಾವೆಲ್ಲ ಮಾಸಿಮಾ ಎನ್ನುತ್ತಿದ್ದೆವು. ಬಂಗಾಳಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮ ಎಂದ ಹಾಗೆ. ಮಗ ಶೇಖರ್ ಬಾಬು ಒಂದು ಬಿಡಿಭಾಗದ ಕಂಪೆನಿಯಲ್ಲಿ ಅಕೌಂಟೆಂಟ್. ಸೊಸೆ ಮಿತಾ. ಮೊಮ್ಮಗಳು ಟುಂಪಾ ನನ್ನ ಮಗನ ಕ್ಲಾಸಿನವಳು, ಅಜ್ಜಿ ಬಂಗಾಳಿಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅವರ ಊರು ಅಸ್ಸಾಮಿನ ಸಿಲ್ಚಾರ್, ಅದಕ್ಕೂ ಮೊದಲು ದೇಶ ಒಡೆಯುವ ಮುಂಚೆ ಸಿಲ್ಹೆಟ್. ಬಂದ ಹೊಸದರಲ್ಲಿ ನಾನು ಬಂಗುಡೆ ಗಸಿ ಕೊಡಲು ಹೋದಾಗ ಕೈಮುಗಿದು ಬೇಡ ಎಂದಿದ್ದರು. ಬಂಗಾಳಿಯಾಗಿ ಮೀನು ಬೇಡ ಅಂತೀರಾ, ನನ್ನ ಕೈಯ ಅಡಿಗೆ ಮೈಲಿಗೆಯೋ ಎಂದು ನಾನು ಒಳಗೊಳಗೇ ಉರಿದುಕೊಂಡಿದ್ದೆ. ಗಂಡ ಹೋದ ಹೆಂಗಸರು ಅವರಲ್ಲಿ ಮೀನು ತಿನ್ನುವುದಿಲ್ಲ ಎಂದು ಮಿತಾ ಆಮೇಲೆ ಹೇಳಿದಳು. ಯಾವಾಗಲೂ ಬಿಳಿ ಸೀರೆ ಉಡುತ್ತಿದ್ದರು. ನಮ್ಮ ಮದುಮಗಳು ಇಗರ್ಜಿಗೆ ಹೋಗುವುದೇ ಬಿಳಿ ಉಟ್ಟುಕೊಂಡು, ಹಾಗಾಗಿ ಆ ಬಿಳಿಯನ್ನು ಕಂಡು ನನಗೆ ಏನೂ ಅನಿಸಿರಲಿಲ್ಲ.

ಮಿತಾ ಇನ್ನೂ ಒಂದು ಮಾತು ಹೇಳಿದಳು. ಅವರ ಕಡೆ ಸುತ್ತಲಿನ ಊರುಗಳಲ್ಲಿ ಮಾಸಿಮಾ ಬಾರದೆ ಮದುವೆಮನೆಯ ಅರಸಿನ ಅರೆಯುತ್ತಿರಲಿಲ್ಲವಂತೆ. ಹೆಂಗಸರು ಸುತ್ತು ನಿಂತು ಚಪ್ಪಾಳೆ ತಟ್ಟಿ ಹಾಡುವ ಧಾಮಾಇಲ್ ಎಂಬ ಹಾಡುಗಳಿವೆಯಂತೆ. ಅದಕ್ಕೆ ಇವರೇ ಮುಂದಾಳು. ರಿಕ್ಷಾ ಕಳಿಸಿ, ದೋಣಿ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಒಂದು ಮದುವೆಯಲ್ಲೂ ಹಾಡಿದವರಲ್ಲ. ವಿಧವೆ ಶುಭಕಾರ್ಯದಲ್ಲಿ ಬಾಯಿ ತೆರೆಯಬಾರದು. ಹಾಡು ಎಲ್ಲ ಹಾಗೇ ಒಳಗೆ ಕೂತಿದೆ, ಕೇಳುವವರಿಲ್ಲ ಎಂದು ಮಿತಾ ಪಾತ್ರೆ ತೊಳೆಯುತ್ತಾ ಹೇಳಿದಳು. ಅವಳಿಗೂ ಅದು ಬೇಡವಾಗಿತ್ತು.

ನನಗೆ ಬೇಕಾಗಿತ್ತು. ಆಫೀಸಿನಿಂದ ಬಂದು ಚಾ ಕುಡಿದದ್ದೇ ಅವರ ಬಾಲ್ಕನಿಗೆ ಹೋಗಿ ಕೂರುತ್ತಿದ್ದೆ. ಮಾಸಿಮಾ ಮೊದಲು ಹಾಡಿನ ಮಾತು ಹೇಳಿಕೊಡಲು ನೋಡುತ್ತಿದ್ದರು. ಒಂದೊಂದು ಸಾಲನ್ನೂ ಹಿಂದಿಗೆ ತಂದು ಬಿಡಿಸುತ್ತಿದ್ದರು. ಯಾವುದೋ ನದಿ, ಯಾವುದೋ ಹಕ್ಕಿ, ಕೊಡ ಹಿಡಿದು ನಿಂತ ಹುಡುಗಿ. ಇಷ್ಟೇ ನನಗೆ ನೆನಪಿರುವುದು. ಏಕೆಂದರೆ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಮಾತು ಆಮೇಲೆ ಕಲಿಯುತ್ತೇನೆ ಮಾಸಿಮಾ, ಈಗ ರಾಗ ಕೊಡಿ, ಚಪ್ಪಾಳೆ ಕೊಡಿ ಎನ್ನುತ್ತಿದ್ದೆ. ಮದುವೆ ಹತ್ತಿರ ಬಂತು, ನನ್ನ ಅವಸರ ನನಗೆ. ಅವರ ರಾಗಕ್ಕೆ ನಾನೇ ಕೊಂಕಣಿ ಮಾತು ಜೋಡಿಸಿದೆ. ಸಲಾಲಾದಿಂದ ಕಾಯಿ ಬಂತು, ಶಿರ್ವದಿಂದ ಅಮ್ಮನ ಆಶೀರ್ವಾದ ಬಂತು, ಹೀಗೆ ಏನೇನೋ. ಕುಳಿತುಬಿಟ್ಟಿತು, ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ. ನನಗೇ ಹೆಮ್ಮೆಯಾಯಿತು. ಫೆಲಿಕ್ಸ್ ಮಾತ್ರ, "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ" ಎಂದು ನಕ್ಕರು. ನಾನೂ ನಕ್ಕೆ.

ರಾಗ ಬಂದರೂ ಸುತ್ತು ಕೂಡಿ ಬರಲಿಲ್ಲ. ನಾವು ಏಳೆಂಟು ಹೆಂಗಸರು ತಾರಸಿಯಲ್ಲಿ ಅಭ್ಯಾಸ ಮಾಡಿದರೆ ಒಬ್ಬರ ಕಾಲು ಒಬ್ಬರಿಗೆ ತಾಗುತ್ತಿತ್ತು. ಚಪ್ಪಾಳೆ ಒಂದು ಕಡೆ, ಹೆಜ್ಜೆ ಒಂದು ಕಡೆ. ಮುಂದಾಳು ನಡುವೆ ಇದ್ದರೆ ಮಾತ್ರ ಅದು ನಿಲ್ಲುವುದು. ನೀವೇ ಬಂದು ಹಾಡಿ ಎಂದು ನಾನು ಮಾಸಿಮಾಗೆ ದುಂಬಾಲು ಬಿದ್ದೆ. ಅವರು ಕಿವಿ ಮುಟ್ಟಿಕೊಂಡರು. ನಾನು ಹಾಡುವ ಹಾಗಿಲ್ಲ, ನಿನ್ನ ತಂಗಿಗೆ ಒಳ್ಳೆಯದಲ್ಲ ಎಂದರು. ಆಗ ನಾನು ಹೇಳಿದೆ: "ಅದೆಲ್ಲ ನಿಮ್ಮಲ್ಲಿ ಮಾಸಿಮಾ. ನಾವು ಕ್ರಿಸ್ತುವರು, ನಮ್ಮಲ್ಲಿ ಅಂಥದ್ದೇನೂ ಇಲ್ಲ."

ಇತ್ತು. ನನಗೆ ಗೊತ್ತಿಲ್ಲದೆ ಏನಲ್ಲ. ನಮ್ಮಲ್ಲೂ ಗಂಡ ಇರುವವಳೇ ವೊವಿಯೊ ಎತ್ತಬೇಕು ಎಂಬ ಕಟ್ಟಳೆ ಹಳಬರಲ್ಲಿತ್ತು. ಅಮ್ಮನ ತಂಗಿ ಮೊಂತಿ ಮೌಶಿ, ಗಂಡ ತೀರಿದ ಮೇಲೆ, ರೋಸ್ ಪಂದಲದ ಹಿಂದೆ ನಿಂತು ನೋಡುತ್ತಿದ್ದುದನ್ನು ನಾನೇ ಚಿಕ್ಕಂದಿನಲ್ಲಿ ಕಂಡಿದ್ದೆ. ಆದರೆ ಇದು ಮಸ್ಕತ್ತು, ಇಲ್ಲಿ ಯಾವ ಮುದುಕಿಯರಿದ್ದಾರೆ ಕೇಳಲು ಎಂದುಕೊಂಡೆ. ಮಾಸಿಮಾ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ನಿಜವಾಗಿಯೂ ಇಲ್ಲವಾ ಎಂದು ಮತ್ತೊಮ್ಮೆ ಕೇಳಿದರು. ನಿಜವಾಗಿಯೂ ಇಲ್ಲ ಎಂದೆ. ಆ ಮುಖ ಅರಳಿದ್ದನ್ನು ನೋಡಬೇಕಿತ್ತು ನೀವು. ಮದುವೆ ನಿಶ್ಚಯವಾದದ್ದು ಜೆಸಿಂತಾಳಿಗೋ ಇವರಿಗೋ ಎಂದು ಮಿತಾ ತಮಾಷೆ ಮಾಡಿದಳು.

ರೋಸ್‌ನ ಸಂಜೆ ಚಳಿಗಾಳಿ ಬೀಸುತ್ತಿತ್ತು. ತಾರಸಿಯ ಮೇಲೆ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟಿದ್ದೆವು. ಜನ ಕಡಿಮೆ ಎಂದು ಹುಡುಗ ಹುಡುಗಿ ಇಬ್ಬರದ್ದೂ ಒಟ್ಟಿಗೇ. ವಿನ್ಸೆಂಟನ ತಾಯಿ ಕಾರ್ಮಿನ್ ಬಾಯಿ ವಿಸಿಟ್ ವೀಸಾದಲ್ಲಿ ಹಿಂದಿನ ದಿನವಷ್ಟೇ ಬಂದಿಳಿದಿದ್ದರು. ಹಿರಿಯ ಹೆಂಗಸರನ್ನು ನಾವು ಮರ್ಯಾದೆಗೆ ಬಾಯಿ ಎನ್ನುತ್ತೇವೆ. ಮಾಸಿಮಾ ನಡುವೆ ನಿಂತರು. ಸೆರಗನ್ನು ಸೊಂಟಕ್ಕೆ ಬಿಗಿದು ಮೊದಲ ಚಪ್ಪಾಳೆ ತಟ್ಟಿದರು ನೋಡಿ, ಅಷ್ಟು ದಿನ ಎಡವಿದ ನಮ್ಮ ಕಾಲುಗಳು ತಾವಾಗಿಯೇ ನೆಟ್ಟಗಾದವು. ಅವರು ಬಂಗಾಳಿಯಲ್ಲಿ ಎತ್ತಿದರೆ ನಾವು ಕೊಂಕಣಿಯಲ್ಲಿ ಉತ್ತರ ಕೊಟ್ಟೆವು. ಹರಕು ಗಂಟಲು, ಆದರೆ ಕೆಳಗೆ ಗ್ಯಾರೇಜಿನವರು ಕೂಡ ಸುತ್ತಿಗೆ ಇಟ್ಟು ಮೇಲೆ ನೋಡುತ್ತಿದ್ದರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗಬೇಕು, ಕಾರ್ಮಿನ್ ಬಾಯಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು.

"ಆ ಅಜ್ಜಿಯ ಗಂಡ ಎಲ್ಲಿದ್ದಾರೆ?"

ನಾನು ಏನೆನ್ನಬಹುದಿತ್ತು? ಊರಲ್ಲಿದ್ದಾರೆ ಎನ್ನಬಹುದಿತ್ತು. ಸುಳ್ಳು ನನಗೆ ಹೊಸದೇನಲ್ಲ. ಅಥವಾ ಇಲ್ಲ ಬಾಯಿ, ತೀರಿಕೊಂಡಿದ್ದಾರೆ, ಆದರೆ ಹಾಡುವುದು ಅವರೇ ಎಂದು ಎದೆಗೊಟ್ಟು ನಿಲ್ಲಬಹುದಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅದೇ ಉತ್ತರವಾಯಿತು.

"ನನಗೆ ಒಬ್ಬನೇ ಮಗ ಮಾರಾಯ್ತಿ. ನಿನಗೂ ಒಬ್ಬಳೇ ತಂಗಿ. ನಾನೆಂತ ಹೇಳುವುದು, ನೀನೇ ನೋಡು."

ಕೆಟ್ಟ ಹೆಂಗಸಲ್ಲ ಕಾರ್ಮಿನ್ ಬಾಯಿ. ಮಗನ ಮೇಲಿನ ಹೆದರಿಕೆ, ಅಷ್ಟೆ. ನನಗೆ ಜೆಸಿಂತಾ ಕಂಡಳು, ಹಾಲಿನಲ್ಲಿ ತೊಯ್ದ ತಲೆ, ನಗುವ ಮುಖ. ನಾಳೆ ಇವಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಅತ್ತೆ ಈ ಸಂಜೆಯನ್ನೇ ಎತ್ತಿ ಆಡುತ್ತಾರೆ ಎನಿಸಿತು. ಇನ್ನೂ ನಿಜ ಹೇಳುವುದಾದರೆ ನನಗೂ ಒಂದು ಕ್ಷಣ ಹೆದರಿಕೆಯಾಯಿತು. ಎರಡನೇ ಹಾಡಿನ ನಡುವೆ ಮಾಸಿಮಾರ ಹತ್ತಿರ ಹೋಗಿ, ಕೆಳಗೆ ಮಕ್ಕಳು ಒಂಟಿಯಾಗಿದ್ದಾರೆ, ಸ್ವಲ್ಪ ನೋಡಿಕೊಳ್ಳುತ್ತೀರಾ ಎಂದೆ. ಅವರು ಚಪ್ಪಾಳೆ ನಿಲ್ಲಿಸಿದರು. ನನ್ನನ್ನು ನೋಡಿದರು, ನನ್ನ ಹೆಗಲ ಮೇಲಿಂದ ಕಾರ್ಮಿನ್ ಬಾಯಿಯನ್ನು ನೋಡಿದರು. ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಹೊದ್ದುಕೊಂಡರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಟುಂಪಾ ಅಲ್ಲೇ ಇದ್ದಳು, ಠಮ್ಮಾ, ಎಂದರೆ ಅಜ್ಜಿ, ಯಾಕೆ ಹೋದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರಿಗೆ ಸುಸ್ತಾಗಿದೆ ಎಂದೆ.

ಆಮೇಲೆ ಅವರ ಜಾಗದಲ್ಲಿ ನಾನು ನಿಂತೆ. ಅವರ ಚಪ್ಪಾಳೆ ಕಿವಿಯಲ್ಲಿ ಇನ್ನೂ ಇತ್ತು, ಹಾಗಾಗಿ ಹೇಗೋ ನಡೆಯಿತು. ಎಲ್ಲರೂ ಹೊಗಳಿದರು. ಕಾರ್ಮಿನ್ ಬಾಯಿ ನನ್ನ ಹಣೆಗೆ ಮುತ್ತಿಟ್ಟರು. ಈ ಹಾಡು ಯಾರದ್ದು ಎಂದು ಯಾರೋ ಕೇಳಿದಾಗ ಶಿರ್ವದ ನಮ್ಮ ಅಜ್ಜಿಯದ್ದು ಎಂಬ ಮಾತು ನನ್ನ ಬಾಯಿಂದ ಹೊರಟುಹೋಯಿತು. ಯಾಕೆ ಹಾಗೆಂದೆ ಎಂದು ಈಗಲೂ ಗೊತ್ತಿಲ್ಲ. ಬಹುಶಃ ನಾನೇ ಇಳಿಸಿ ಕಳಿಸಿದ ಮಾಸಿಮಾರ ಹೆಸರು ಹೇಳಲು ಬಾಯಿ ಬರಲಿಲ್ಲ.

ಕೆಳಗೆ ಬಂದು ನೋಡಿದರೆ ಮಾಸಿಮಾ ಮಲಗಿದ ಮಕ್ಕಳ ಕಾಲ ಬುಡದಲ್ಲಿ ಕೂತಿದ್ದರು. ನಾನು ಏನಾದರೂ ಹೇಳಬೇಕು ಎಂದು ನಿಂತೆ. ಅವರೇ ಮಾತಾಡಿದರು.

"ನಾನೂ ಹೀಗೆ ಕಳಿಸಿದ್ದೇನೆ. ಈ ಹಾಡುಗಳನ್ನು ನನಗೆ ಕಲಿಸಿದವಳು ನನ್ನ ಸೋದರತ್ತೆ. ಬಾಲವಿಧವೆ. ಅವಳು ಒಂದು ಸಲ ಮರೆತು ಸುತ್ತಿನೊಳಗೆ ಬಂದಾಗ ಕೈ ಹಿಡಿದು ಆಚೆ ಕೂರಿಸಿದ್ದು ನಾನೇ."

ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಮೂರನೇ ಸಾಲನ್ನು ನೀನು ತುಂಬಾ ಮೇಲೆ ಎತ್ತಿದೆ, ನಾಳೆ ಬಾ, ಸರಿ ಮಾಡಿಕೊಡುತ್ತೇನೆ ಎಂದರು.

ಮಾರನೇ ದಿನ ಹೋಗಲು ನನಗೆ ನಾಚಿಕೆಯಾಯಿತು. ಅದರ ಮಾರನೇ ದಿನ ಹೋದೆ. ಆ ವರ್ಷ ರಜೆ ಸಿಗದವರು ಬಹಳ ಮಂದಿ ಇದ್ದರು. ಕ್ರಿಸ್ಮಸ್ ಮುಗಿದದ್ದರಿಂದ ಹಿಡಿದು ಈಸ್ಟರಿಗೆ ಮುಂಚಿನ ನಮ್ಮ ತಪಸ್ಸಿನ ಕಾಲ ಶುರುವಾಗುವ ತನಕ ಮದುವೆಯ ಮೇಲೆ ಮದುವೆ. ಎಲ್ಲ ಕಡೆಯಿಂದ ಲೀನಾಳನ್ನು ಕರೆಯಿರಿ, ಅವಳಿಗೆ ಅಜ್ಜಿಯ ವೊವಿಯೊ ಬರುತ್ತದೆ ಎಂದು ಕರೆ. ಪ್ರತಿಸಲವೂ ನಾನು ಹೊಸ ಹಾಡಿಗೆ ಮಾಸಿಮಾರ ಬಾಲ್ಕನಿಗೆ ಓಡುತ್ತಿದ್ದೆ. ಅವರು ಕೊಡುತ್ತಿದ್ದರು. ಗೋಣಿಚೀಲ ಕೊಡವಿ ಕೊಟ್ಟ ಹಾಗೆ ಮೂಲೆಮೂಲೆಯಲ್ಲಿದ್ದದ್ದನ್ನೆಲ್ಲ ಕೊಟ್ಟರು. ಮಾತು ಕಲಿತೆಯಾ ಎಂದು ಕೇಳುತ್ತಿದ್ದರು. ಹೂಂ ಎಂದು ತಲೆಯಾಡಿಸುತ್ತಿದ್ದೆ. ನಮ್ಮ ಕೊಂಕಣಿ ಮಾತಿನ ಜೊತೆಗೆ ನಾನು ಅವರ ಮಾತನ್ನೂ ಇಟ್ಟುಕೊಂಡಿದ್ದೇನೆ ಎಂದೇ ಅವರು ನಂಬಿದ್ದರು. ಒಂದು ರೋಸ್‌ಗಾದರೂ ಬನ್ನಿ ಎಂದು ನಾನು ಅವರನ್ನು ಕರೆಯಲಿಲ್ಲ. ಬರುತ್ತೇನೆ ಎಂದು ಅವರೂ ಹೇಳಲಿಲ್ಲ. ರೋಸ್ ಮುಗಿಸಿ ಬಂದ ದಿನ ಬಾಲ್ಕನಿಯಿಂದಲೇ ಹೇಗಾಯಿತು ಎಂದು ವಿಚಾರಿಸುತ್ತಿದ್ದರು. ಯಾವ ಸಾಲಿಗೆ ಯಾರು ನಕ್ಕರು, ಮದುಮಗಳು ಎಲ್ಲಿ ಅತ್ತಳು, ಸುತ್ತು ಎಷ್ಟು ಬಿರುಸಾಯಿತು, ಎಲ್ಲ ಬೇಕು ಅವರಿಗೆ. ಹೇಳುವಾಗ ನನ್ನ ಮೈ ಹಿಡಿಯಾಗುತ್ತಿತ್ತು.

ಬೇಸಗೆ ಏರುವ ಹೊತ್ತಿಗೆ ಶೇಖರ್ ಬಾಬುವಿನ ಕಾಂಟ್ರಾಕ್ಟ್ ಮುಗಿಯಿತು. ಹೊರಡುವ ದಿನ ಮಾಸಿಮಾ ನಮ್ಮ ಅಡಿಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಟುಂಪಾಳ ಮದುವೆಗೆ ನೀನು ಬಂದು ಹಾಡಬೇಕು. ನಾನು ಹಾಡುವ ಹಾಗಿಲ್ಲ, ಅವಳಮ್ಮನಿಗೆ ಬರುವುದಿಲ್ಲ. ಎಲ್ಲ ನಿನ್ನಲ್ಲೇ ಇದೆ."

ಬರುತ್ತೇನೆ ಎಂದೆ. ದೇವರಾಣೆ ಬರುತ್ತೇನೆ ಎಂದೆ. ಆ ಹೊತ್ತಿಗೆ ಅದು ಸುಳ್ಳಲ್ಲ. ಮಾತು ಕಲಿಯಲು ಇನ್ನೂ ಎಷ್ಟೋ ವರ್ಷ ಇದೆ ಎಂದುಕೊಂಡಿದ್ದೆ. ಮಿತಾಳಿಗೆ ಪತ್ರ ಬರೆದು ತರಿಸಿಕೊಂಡರಾಯಿತು ಎಂದುಕೊಂಡಿದ್ದೆ. ವರ್ಷಗಳು ಹೋದವು. ತರಿಸಿಕೊಳ್ಳಲಿಲ್ಲ. ನನ್ನ ಕೊಂಕಣಿ ಮಾತೇ ಆ ರಾಗಗಳಿಗೆ ಅಂಟಿ ಕೂತಿತು. ಮಸ್ಕತ್ತಿನಿಂದ ಊರಿಗೆ ಹೋದವರು ಹಾಡನ್ನು ಊರಿಗೆ ಒಯ್ದರು, ಬಹ್ರೈನಿಗೆ ಹೋದವರು ಬಹ್ರೈನಿಗೆ ಒಯ್ದರು.

ತೊಂಬತ್ತರ ದಶಕದ ಕೊನೆಗೆ ಫೆಲಿಕ್ಸ್ ತೀರಿಕೊಂಡರು. ಬೆಳಿಗ್ಗೆ ಕೋಲ್ಡ್ ಸ್ಟೋರೇಜಿಗೆ ಹೋದವರು ಅಲ್ಲೇ ಕುಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಗನ ಓದು ಮುಗಿದಿರಲಿಲ್ಲ ಎಂದು ನಾನು ಕೆಲಸ ಬಿಡದೆ ಅಲ್ಲೇ ಉಳಿದೆ. ಕೆಲವು ತಿಂಗಳ ಮೇಲೆ ರೂವಿಯಲ್ಲಿ ಒಂದು ರೋಸ್ ಇತ್ತು. ಕರೆಯಲು ಬಂದವರು ಯಾರು ಗೊತ್ತೇ? ಕಾರ್ಮಿನ್ ಬಾಯಿ. ಜೆಸಿಂತಾಳ ಮಕ್ಕಳನ್ನು ನೋಡಿಕೊಳ್ಳಲು ಆಗ ಮಸ್ಕತ್ತಿನಲ್ಲೇ ಇದ್ದರು. ನಾನು ಹಿಂಜರಿದೆ. ಬಾಯಿ, ನಾನು ಈಗ ಎಂದು ಮಾತು ಅರ್ಧಕ್ಕೆ ನಿಲ್ಲಿಸಿದೆ. "ಅದೆಲ್ಲ ಈಗ ಯಾರು ನೋಡ್ತಾರೆ ಲೀನಾ? ಹಳೇ ಕಾಲದ್ದು. ನೀನು ಎತ್ತದಿದ್ರೆ ಅದೆಂತ ರೋಸ್" ಎಂದು ಕೈ ಹಿಡಿದು ಎಬ್ಬಿಸಿದರು. ಹೋದೆ. ನಡುವೆ ನಿಂತೆ. ಹಾಡಿದೆ. ಯಾರೂ ನನ್ನನ್ನು ಮಕ್ಕಳನ್ನು ನೋಡಿಕೊಳ್ಳಲು ಕಳಿಸಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಫೆಲಿಕ್ಸ್‌ಗಾಗಿ ಎಂದು ಮಗ ತಿಳಿದುಕೊಂಡ.

ಅದಾದ ಮುಂದಿನ ವಾರವೇ ಸಿಲ್ಚಾರಿನಿಂದ ಫೋನು ಬಂತು. ಟುಂಪಾ. ದೊಡ್ಡ ಹೆಂಗಸಿನ ದನಿ. ಮದುವೆ ಗೊತ್ತಾಗಿದೆ, ನಿಮ್ಮ ನಂಬರನ್ನು ಎಲ್ಲೆಲ್ಲೋ ಕೇಳಿ ಹುಡುಕಿದೆ ಎಂದಳು. ಇಂಗ್ಲಿಷಿನಲ್ಲೇ ಮಾತಾಡಿದಳು, ಆದರೆ ಕೇಳಿದ್ದು ಅದನ್ನೇ. ಠಮ್ಮಾ ಹಾಡುವುದಿಲ್ಲ ಅಂತಾರೆ ಆಂಟಿ, ಎಷ್ಟು ಹೇಳಿದರೂ ಕೇಳುವುದಿಲ್ಲ. ಎಲ್ಲ ಲೀನಾಳ ಹತ್ತಿರ ಇದೆ, ಅವಳು ಬರುತ್ತೇನೆ ಎಂದಿದ್ದಾಳೆ ಅಂತಾರೆ. ನನಗೂ ಬೇಕು ಆಂಟಿ, ಚಿಕ್ಕವಳಿರುವಾಗ ನಾನು ಕಲಿಯಲಿಲ್ಲ, ನೀವು ಬರಲೇಬೇಕು. ಹೀಗೆ ಒಂದೇ ಉಸಿರಿಗೆ ಹೇಳಿದಳು.

ನನ್ನ ಹತ್ತಿರ ಏನಿತ್ತು? ಸಲಾಲಾದ ಕಾಯಿ, ಶಿರ್ವದ ಅಮ್ಮ. ಆ ಹುಡುಗಿಯ ಅರಸಿನದ ದಿನ, ಹಾಡು ಬಲ್ಲ ಮುದುಕಿಯರ ಎದುರು ನಿಂತು ನಾನು ಕೊಂಕಣಿಯಲ್ಲಿ ಹಾಡಬೇಕಿತ್ತು. ಅಥವಾ ಮಾಸಿಮಾ, ನೀವು ಕೊಟ್ಟದ್ದರಲ್ಲಿ ಅರ್ಧವನ್ನು ನಾನು ತೆಗೆದುಕೊಳ್ಳಲೇ ಇಲ್ಲ ಎಂದು ಹೇಳಬೇಕಿತ್ತು. ಹಾಗೆ ಹೇಳಿದ್ದರೂ ಕಾಲ ಮೀರಿರಲಿಲ್ಲ. ಅವರು ಬದುಕಿದ್ದರು, ಅವರಿಗೆ ಎಲ್ಲ ನೆನಪಿತ್ತು. ಟುಂಪಾಳನ್ನೇ ಎದುರು ಕೂರಿಸಿಕೊಂಡು ಕಲಿಸಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಮಾಸಿಮಾ ಫೋನು ತೆಗೆದುಕೊಂಡರು. ದನಿ ತೆಳುವಾಗಿತ್ತು, ದೂರವಾಗಿತ್ತು. ಬರುತ್ತೀಯಲ್ಲ ಎಂದು ಕೇಳಿದರು.

ನನ್ನ ಬಾಯಿಗೆ ಬಂದದ್ದು ಇದು: "ಮಾಸಿಮಾ, ಫೆಲಿಕ್ಸ್ ಹೋಗಿಬಿಟ್ಟರು. ನಾನು ಇನ್ನು ಮದುವೆಯಲ್ಲಿ ಹಾಡುವ ಹಾಗಿಲ್ಲ."

ನೀವು ಕ್ರಿಸ್ತುವರಲ್ಲವಾ, ನಿಮ್ಮಲ್ಲಿ ಇಲ್ಲ ಎಂದಿದ್ದೆಯಲ್ಲ ಎಂದು ಅವರು ಕೇಳಬಹುದು ಎಂದು ಕಾದೆ. ಕೇಳಿದ್ದರೆ ಬಹುಶಃ ನಿಜ ಹೇಳಿಬಿಡುತ್ತಿದ್ದೆ.

"ಹೌದು ಮಗಳೇ," ಎಂದರು, "ನಿಮ್ಮಲ್ಲೂ ಅದು ಇದೆ. ನಾನೇ ನೋಡಿದ್ದೇನಲ್ಲ."

ಆಮೇಲೆ ಫೆಲಿಕ್ಸ್‌ಗಾಗಿ ಅತ್ತರು. ಒಳ್ಳೆಯ ಮನುಷ್ಯ, ನಗುತ್ತಿದ್ದ ಮನುಷ್ಯ ಎಂದರು. ಹ್ಯಾಗೆ ಆಯಿತು, ಮಗ ಏನು ಮಾಡುತ್ತಾನೆ ಎಂದೆಲ್ಲ ವಿಚಾರಿಸಿದರು. ಹಾಡು ಮರೆಯಬೇಡ, ಬಾಗಿಲು ಹಾಕಿಕೊಂಡು ಮನೆಯೊಳಗೆ ಹಾಡಿಕೋ, ಅದಕ್ಕೆ ದೋಷವಿಲ್ಲ, ನಾನೂ ಹಾಗೇ ಮಾಡುತ್ತೇನೆ ಎಂದು ಬುದ್ಧಿ ಹೇಳಿದರು. ಹಿಂದೆ ಟುಂಪಾ ಏನೋ ಕೇಳುತ್ತಿದ್ದಳು. ಅವಳಿಗೆ ಬಂಗಾಳಿಯಲ್ಲಿ ಏನೋ ಹೇಳಿ ಸುಮ್ಮನಾಗಿಸಿ ಮತ್ತೆ ನನ್ನ ಕಡೆಗೆ ಬಂದರು.

"ನೋಡು, ನಮ್ಮಿಬ್ಬರದ್ದೂ ಒಂದೇ ಗತಿಯಾಯಿತು" ಎಂದರು.

ನಾನು ಹೌದು ಮಾಸಿಮಾ ಎಂದೆ.